ಕೆಟ್ಟದ್ದನ್ನು ಬಿಸಾಡದ ಪೇಟೆ

ಬೆಂಗಳೂರಿನ ಟೌನ್‌ಹಾಲ್ ಮುಂದಿನ ಗದ್ದಲ ದಾಟಿ ನಗರ್ತಪೇಟೆ ಕಡೆಗೆ ಹೊರಳಿದರೆ ಸಿಗುವುದೇ ಸಾದರ ಪತ್ರಪ್ಪ ರಸ್ತೆ. ಪೂರ್ತಿ ಹೆಸರು ಹೇಳಿದರೆ ಆಟೋದವರಿಗೂ ತಟ್ಟನೆ ಹೊಳೆಯುವುದಿಲ್ಲ, ಎಸ್.ಪಿ. ರೋಡ್ ಅನ್ನಬೇಕು. ಉದ್ದ ಹೆಚ್ಚೇನಿಲ್ಲ, ಅಗಲವಂತೂ ಕೇಳಲೇಬೇಡಿ. ಬೆಳಿಗ್ಗೆ ಶಟರ್‌ಗಳು ಎದ್ದವೆಂದರೆ ಮಾನಿಟರ್ ಡಬ್ಬ ಹೊತ್ತ ಹಮಾಲಿಗಳು, ಹಿಂದಿನ ಸೀಟಿಗೆ ಯುಪಿಎಸ್ ಕಟ್ಟಿಕೊಂಡ ಸ್ಕೂಟರ್‌ಗಳು, ಕೈಯಲ್ಲಿ ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುವ ಎಂಜಿನಿಯರಿಂಗ್ ಹುಡುಗ ಹುಡುಗಿಯರು ಒಬ್ಬರ ಮೈಗೊಬ್ಬರು ತಾಗಿಕೊಂಡೇ ನಡೆಯುತ್ತಾರೆ.

ನೆಲಮಟ್ಟದಲ್ಲಿ ಕಾಣುವುದು ಈ ರಸ್ತೆಯ ಅರ್ಧ ಮಾತ್ರ. ಎರಡು ಅಂಗಡಿಗಳ ನಡುವೆ ಸಂದಿಯಂತೆ ಕಾಣುವ ಜಾಗದಲ್ಲಿ ಕಡಿದಾದ ಮೆಟ್ಟಿಲುಗಳಿರುತ್ತವೆ. ಹತ್ತಿ ಹೋದರೆ ಮೇಲೆ ಇನ್ನೊಂದು ಪೇಟೆ. ಒಂದು ಕೋಣೆಯಲ್ಲಿ ಬರೀ ಲ್ಯಾಪ್‌ಟಾಪ್ ಕೀಬೋರ್ಡ್‌ಗಳು, ಮತ್ತೊಂದರಲ್ಲಿ ಬರೀ ಅಡಾಪ್ಟರ್‌ಗಳು. ಒಂದೊಂದೇ ಬಿಡಿಯಾಗಿ ಕೊಡುವ ರೆಸಿಸ್ಟರು, ಕೆಪಾಸಿಟರುಗಳಿಂದ ಹಿಡಿದು ಆರ್ಡುಯಿನೊ, ರಾಸ್ಪ್‌ಬೆರಿ ಪೈ ಬೋರ್ಡ್‌ಗಳವರೆಗೆ ಎಲ್ಲವೂ ಇಲ್ಲಿವೆ. ಕಾಲೇಜುಗಳಲ್ಲಿ ಪ್ರಾಜೆಕ್ಟ್ ಸಲ್ಲಿಸುವ ಕಾಲ ಬಂತೆಂದರೆ ಸೆನ್ಸರ್ ಮಾರುವ ಅಂಗಡಿಗಳ ಮುಂದೆ ನಿಲ್ಲಲು ಜಾಗವಿರುವುದಿಲ್ಲ. ಕನ್ನಡದಲ್ಲಿ ಕೇಳಿದ ಬೆಲೆಯನ್ನು ಹಿಂದಿಯಲ್ಲಿ ಚೌಕಾಸಿ ಮಾಡಿ, ತಮಿಳಿನಲ್ಲೋ ದಖನಿಯಲ್ಲೋ ಒಪ್ಪಿಸಿ ವ್ಯಾಪಾರ ಮುಗಿಸುವುದು ಇಲ್ಲಿಯ ದಿನನಿತ್ಯದ ನೋಟ.

ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರಿನ ಪೇಟೆಗಳಲ್ಲಿ ಒಂದೊಂದು ಕಸುಬಿಗೆ ಒಂದೊಂದು ಬೀದಿ ಇತ್ತು. ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೇಪೇಟೆ, ಮಡಕೆಗೆ ಕುಂಬಾರಪೇಟೆ. ಎಲೆಕ್ಟ್ರಾನಿಕ್ಸ್ ಎಂಬ ಕಸುಬು ನಾನೂರು ವರ್ಷ ತಡವಾಗಿ ಬಂದರೂ ಅದೇ ಹಳೆಯ ಪದ್ಧತಿಯಂತೆ ತನಗೊಂದು ಬೀದಿ ಮಾಡಿಕೊಂಡಿತು. ಒಂದೇ ಸರಕಿನ ನೂರು ಅಂಗಡಿಗಳು ಅಕ್ಕಪಕ್ಕ ಕೂತರೆ ವ್ಯಾಪಾರ ಕೆಡುವುದಿಲ್ಲ, ಹೆಚ್ಚುತ್ತದೆ ಎಂಬುದು ಪೇಟೆಯವರ ಹಳೆಯ ತಿಳಿವಳಿಕೆ. ಒಂದು ಅಂಗಡಿಯಲ್ಲಿ ಇಲ್ಲದ ಬಿಡಿಭಾಗವನ್ನು ಹುಡುಗನನ್ನು ಓಡಿಸಿ ಪಕ್ಕದ ಅಂಗಡಿಯಿಂದ ತರಿಸಿಕೊಡುತ್ತಾರೆ. ಗಿರಾಕಿ ಬರಿಗೈಯಲ್ಲಿ ವಾಪಸು ಹೋಗುವುದು ಇಡೀ ರಸ್ತೆಗೇ ಅವಮಾನ ಎಂಬಂತೆ.

ಹೊಸದಕ್ಕೆ ಮೊದಲು ಕೈಚಾಚುವುದು ಈ ಊರಿಗೆ ನಿನ್ನೆ ಮೊನ್ನೆ ಹತ್ತಿದ ಗೀಳಲ್ಲ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೆ ಬಂದಾಗ ಬೀದಿದೀಪ ಮೊದಲು ಹೊತ್ತಿಕೊಂಡದ್ದು ಈಗಿನ ಕೆ.ಆರ್. ಮಾರ್ಕೆಟ್ ಇರುವ ಜಾಗದ ಆಸುಪಾಸಿನಲ್ಲಿ, ಎಂದರೆ ಎಸ್.ಪಿ. ರಸ್ತೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ. ಆಮೇಲೆ 1948ರಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ, 1954ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಿಇಎಲ್, 1985ರಲ್ಲಿ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದವು. ಬೆಸುಗೆ ಕಡ್ಡಿ ಹಿಡಿಯಬಲ್ಲವರೂ ಸರ್ಕ್ಯೂಟ್ ನಕ್ಷೆ ಓದಬಲ್ಲವರೂ ಬೆಂಗಳೂರಿನಲ್ಲಿ ಎರಡು ಮೂರು ತಲೆಮಾರಿನಿಂದ ಇದ್ದಾರೆ. ಅಂಥವರಿಗೆ ಹೊಸ ಯಂತ್ರ ಎಂದರೆ ಮೊದಲು ಕುತೂಹಲ. ಒಳಗೆ ಏನಿದೆ, ಹೇಗೆ ಕೆಲಸ ಮಾಡುತ್ತದೆ ಎಂದು ಬಿಚ್ಚಿ ನೋಡುವ ಆಸೆ.

ಆ ಆಸೆ ಒಳ್ಳೆಯದು. ಹೊಸದನ್ನು ಮೊದಲ ದಿನವೇ ಕೊಳ್ಳುವವರಿಲ್ಲದಿದ್ದರೆ ಮೊಬೈಲ್ ಎಂಬುದು ಹಳ್ಳಿಯ ಕೂಲಿಯವನ ಕೈಗೆ ಬರುತ್ತಲೇ ಇರಲಿಲ್ಲ. 1995ರಲ್ಲಿ ಭಾರತದಲ್ಲಿ ಮೊಬೈಲ್ ಸೇವೆ ಶುರುವಾದಾಗ ಬಂದ ಕರೆಗೂ ಹಣ ಕೊಡಬೇಕಿತ್ತು. ದುಡ್ಡಿದ್ದವರು ಅಷ್ಟು ಕೊಟ್ಟು ಕೊಂಡದ್ದರಿಂದಲೇ ಗೋಪುರಗಳು ಎದ್ದವು, ಬೆಲೆ ಇಳಿಯಿತು. ಅದೇ ವರ್ಷ ಬಂದ ಪೇಜರ್ ಹತ್ತು ವರ್ಷವೂ ಬಾಳಲಿಲ್ಲ. ಕೊಂಡವರು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿ, ಆಮೇಲೆ ಮೇಜಿನ ಖಾನೆಗೆ ಹಾಕಿದರು. ಫ್ಲಾಪಿ, ವಾಕ್‌ಮನ್, ಸಿಡಿ ರೈಟರ್, ಪಾಮ್‌ಟಾಪ್‌ಗಳೂ ಹೀಗೇ ಬಂದವು, ಹೀಗೇ ಹೋದವು. ಅವು ಬಂದಾಗಲೂ ಹೋಗುವಾಗಲೂ ಎಸ್.ಪಿ. ರಸ್ತೆಯನ್ನು ಹಾದೇ ಹೋದವು.

ಇಲ್ಲಿ ಹೊಸದರ ಜೊತೆಜೊತೆಗೇ ಹಳೆಯದೂ ಬದುಕುತ್ತದೆ. ನಗರದ ಹೊರವಲಯದ ಐಟಿ ಕಂಪನಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ನೌಕರರ ಲ್ಯಾಪ್‌ಟಾಪ್‌ಗಳನ್ನು ಬದಲಾಯಿಸುತ್ತವೆ. ಹಳೆಯವು ಲಾಟ್ ಲೆಕ್ಕದಲ್ಲಿ ಹರಾಜಾಗಿ ಮರುಮಾರಾಟಗಾರರ ಕೈ ಸೇರುತ್ತವೆ. ಮೂಲೆ ಸವೆದ, ಕಂಪನಿಯ ಸ್ಟಿಕ್ಕರ್ ಕಿತ್ತ ಗುರುತು ಇನ್ನೂ ಉಳಿದ ಯಂತ್ರಗಳವು. ರಾಮ್ ಹೆಚ್ಚಿಸಿ, ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಕೀಬೋರ್ಡ್ ಬದಲಿಸಿದರೆ ಮೊದಲಿಗಿಂತ ಚುರುಕು. ಹೊಸದರ ಬೆಲೆಯ ಒಂದು ಪಾಲಿಗೆ ಇದನ್ನು ಒಯ್ಯುವವರು ಡಿಪ್ಲೊಮಾ ಓದುವ ಮಗಳಿಗಾಗಿ ಬಂದ ಅಪ್ಪ, ಡಿಟಿಪಿ ಅಂಗಡಿ ತೆರೆಯಲು ಹೊರಟ ಯುವಕ. ನಾಡಿನ ಎಷ್ಟೋ ಮನೆಗಳ ಮೊದಲ ಕಂಪ್ಯೂಟರ್ ಯಾರೋ ಒಬ್ಬರು ಬೇಡವೆಂದು ಬಿಟ್ಟದ್ದು. ಇದಕ್ಕಿಂತ ದೊಡ್ಡ ಸಾರ್ವಜನಿಕ ಸೇವೆಯನ್ನು ಸರ್ಕಾರದ ಯೋಜನೆಗಳೂ ಮಾಡಿರುವುದು ಅಪರೂಪ ಎಂದೇ ನನ್ನ ನಂಬಿಕೆ.

ರಿಪೇರಿಯ ಮೇಜನ್ನು ಹತ್ತಿರದಿಂದ ನೋಡಬೇಕು. ಮೂರಡಿ ಅಗಲದ ನೀಲಿ ರಬ್ಬರ್ ಹಾಸು, ಅದರ ಮೇಲೆ ಸೂಕ್ಷ್ಮದರ್ಶಕ, ಬಿಸಿಗಾಳಿಯ ಗನ್ನು, ಮಲ್ಟಿಮೀಟರು, ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಅಂಟಿಸಿಟ್ಟುಕೊಳ್ಳುವ ಆಯಸ್ಕಾಂತದ ಹಲಗೆ. ಫ್ಲಕ್ಸ್ ಸುಟ್ಟ ಸಿಹಿ-ಕಮಟು ವಾಸನೆ.

“ಎಷ್ಟಾಗತ್ತಣ್ಣ?”

“ಓಪನ್ ಮಾಡ್ದೆ ಹೇಳಕ್ಕಾಗಲ್ಲ ಸರ್. ನೀರೇನಾದ್ರೂ ಬೋರ್ಡಿಗೆ ಹೋಗಿದ್ರೆ ಬೇರೆ ಲೆಕ್ಕ.”

ತೆರೆಯುವುದೇ ಈಗ ಅರ್ಧ ಕೆಲಸ. ಫೋನಿನ ಬೆನ್ನಿಗೆ ಸ್ಕ್ರೂ ಇಲ್ಲ, ಅಂಟು. ಬಿಸಿ ತಟ್ಟೆಯ ಮೇಲೆ ಇಟ್ಟು ಅಂಟು ಮೆತ್ತಗಾಗುವವರೆಗೆ ಕಾಯಬೇಕು. ರಬ್ಬರ್ ಬಟ್ಟಲನ್ನು ಅಂಟಿಸಿ ಎಳೆದಾಗ ಗಾಜು ಕೂದಲೆಳೆಯಷ್ಟು ಮೇಲೇಳುತ್ತದೆ. ಆ ಸಂದಿಗೆ ತೆಳುವಾದ ಪ್ಲಾಸ್ಟಿಕ್ ಬಿಲ್ಲೆ ತೂರಿಸಿ, ಎರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟು, ಅಂಚಿನುದ್ದಕ್ಕೂ ನಿಧಾನವಾಗಿ ಸರಿಸಬೇಕು. ಅವಸರ ಮಾಡಿದರೆ ಗಾಜು ಒಡೆಯುತ್ತದೆ. ಒಳಗೆ ಬ್ಯಾಟರಿಯೂ ಅಂಟಿಕೊಂಡೇ ಇರುತ್ತದೆ. ಅದನ್ನು ಎಬ್ಬಿಸುವಾಗ ಬಾಗಿದರೆ ಅಥವಾ ಚುಚ್ಚಿದರೆ ಲಿಥಿಯಂ ಹೊತ್ತಿಕೊಳ್ಳಬಹುದು. ಇಷ್ಟೆಲ್ಲ ಆದಮೇಲೆ ಚಾರ್ಜಿಂಗ್ ಪೋರ್ಟ್ ಬಿಚ್ಚಿ ಹೊಸದನ್ನು ಬೆಸೆಯುವುದು ಅನುಭವಸ್ಥರಿಗೆ ಕೆಲವೇ ನಿಮಿಷದ ಕೆಲಸ. ಕೆಟ್ಟ ಭಾಗ ಬೆರಳ ಉಗುರಿಗಿಂತ ಚಿಕ್ಕದು. ಅದರಿಂದಾಗಿಯೇ ಇಡೀ ಫೋನ್ ಸತ್ತಂತೆ ಬಿದ್ದಿತ್ತು.

ಈ ವಿದ್ಯೆ ಯಾವ ಪಾಲಿಟೆಕ್ನಿಕ್ಕೂ ಹೇಳಿಕೊಟ್ಟದ್ದಲ್ಲ. ಅಂಗಡಿಗೆ ಚಹಾ ತರುವ ಹುಡುಗನಾಗಿ ಸೇರಿದವನು ಪಕ್ಕದಲ್ಲಿ ನಿಂತು ನೋಡಿ, ಸತ್ತ ಬೋರ್ಡ್‌ಗಳ ಮೇಲೆ ಕೈ ಪಳಗಿಸಿಕೊಂಡು, ಯೂಟ್ಯೂಬ್ ನೋಡಿ ಕಲಿಯುತ್ತಾನೆ. ಯಾವ ಐಸಿ ಬಿಸಿಯಾಗುತ್ತಿದೆ ಎಂದು ಬೆರಳಿಟ್ಟು ಹೇಳಬಲ್ಲ. ದೊಡ್ಡ ಸೇವಾ ಕೇಂದ್ರಗಳಲ್ಲಿ ಮದರ್‌ಬೋರ್ಡನ್ನೇ ಬದಲಿಸಬೇಕು ಎಂದು ಹೇಳಿ ಹೊಸ ಫೋನಿನ ಅರ್ಧ ಬೆಲೆಯ ಅಂದಾಜು ಕೊಟ್ಟಾಗ, ಇಲ್ಲಿಯವನು ಆ ಬೋರ್ಡಿನಲ್ಲಿ ಶಾರ್ಟ್ ಆದ ಒಂದೇ ಒಂದು ಕೆಪಾಸಿಟರನ್ನು ಹುಡುಕಿ ತೆಗೆಯುತ್ತಾನೆ.

ಈ ಕೈಗಳಿಗೆ ಕೆಲಸ ಸಿಗದಂತೆ ಯಂತ್ರಗಳನ್ನು ಕಟ್ಟಲಾಗುತ್ತಿದೆ ಎಂಬುದೇ ನೋವಿನ ಸಂಗತಿ. ಮೊದಲು ಫೋನಿನ ಬೆನ್ನನ್ನು ಉಗುರಿನಿಂದ ತೆಗೆದು ಬ್ಯಾಟರಿ ಬದಲಿಸುತ್ತಿದ್ದೆವು. 2007ರಲ್ಲಿ ಬಂದ ಮೊದಲ ಐಫೋನಿನ ಬ್ಯಾಟರಿ ಒಳಗೇ ಮುಚ್ಚಿಹೋಗಿತ್ತು. ಕ್ರಮೇಣ ಬಹುತೇಕ ಎಲ್ಲರೂ ಅದೇ ದಾರಿ ಹಿಡಿದರು. 2016ರ ಐಫೋನ್ 7ರಲ್ಲಿ ಇಯರ್‌ಫೋನ್ ತೂತು ಹೋಯಿತು, ಅದರ ಜಾಗಕ್ಕೆ ವೈರಿಲ್ಲದ ಬಡ್‌ಗಳು ಬಂದವು. ವೈರಿನ ಇಯರ್‌ಫೋನ್ ಕೆಟ್ಟರೆ ಪಿನ್ ಕತ್ತರಿಸಿ ಬೇರೆಯದನ್ನು ಬೆಸೆಯಬಹುದಿತ್ತು. ಬಡ್‌ಗಳ ಒಳಗೆ ಇರುವುದು ಗುಂಡಿಯಷ್ಟು ದೊಡ್ಡ ಲಿಥಿಯಂ ಬ್ಯಾಟರಿ. ಕೆಲವು ನೂರು ಸಲ ಚಾರ್ಜ್ ಆದಮೇಲೆ ಅದರ ಕಸುವು ಇಳಿಯುತ್ತದೆ. ಹೆಚ್ಚಿನವುಗಳಲ್ಲಿ ಹೊರಕವಚವನ್ನು ಒಡೆಯದೆ ಅದನ್ನು ತೆಗೆಯಲು ಬರುವುದಿಲ್ಲ. ಎರಡು ಮೂರು ವರ್ಷದಲ್ಲಿ ಕಸವಾಗಲೆಂದೇ ಮಾಡಿದ ವಸ್ತು ಅದು. ಇಂದು ಕೋಟಿಗಟ್ಟಲೆ ಮಾರಾಟವಾಗುತ್ತಿದೆ.

ಅಂಟಿಗಿಂತ ಗಟ್ಟಿ ಬೀಗ ಸಾಫ್ಟ್‌ವೇರಿನದು. ಐಫೋನಿಗೆ ಹೊರಗಿನ ಬ್ಯಾಟರಿ ಹಾಕಿದರೆ ಇದು ಅಸಲಿಯೆಂದು ಖಚಿತಪಡಿಸಲಾಗುತ್ತಿಲ್ಲ ಎಂಬ ಎಚ್ಚರಿಕೆ 2019ರಿಂದ ಪರದೆಯ ಮೇಲೆ ಬರತೊಡಗಿತು. ಬ್ಯಾಟರಿ ಚೆನ್ನಾಗಿಯೇ ಇರುತ್ತದೆ, ಗಿರಾಕಿಯ ನಂಬಿಕೆ ಹೋಗಿರುತ್ತದೆ. ವಿಂಡೋಸ್ 11 ಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಮತ್ತು ಇತ್ತೀಚಿನ ಪ್ರೊಸೆಸರ್ ಇರಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಒಂದು ಸ್ಕ್ರೂ ಸಡಿಲವಾಗದೆ, ಒಂದು ಕೀ ಕೆಡದೆ, ನಿನ್ನೆಯವರೆಗೆ ಓಡುತ್ತಿದ್ದ ಯಂತ್ರಗಳು ಒಂದು ತಾರೀಖಿನಿಂದ ಹಳತಾದವು. ಲಿನಕ್ಸ್ ಹಾಕಿದರೆ ಅವು ಇನ್ನೂ ಐದಾರು ವರ್ಷ ದುಡಿಯುತ್ತವೆ, ಆದರೆ ಕೊಳ್ಳಲು ಬಂದವರು ಕೇಳುವುದು ವಿಂಡೋಸನ್ನೇ.

ಇಲ್ಲಿಯೂ ಬದುಕದ್ದು ಗುಜರಿಗೆ ಹೋಗುತ್ತದೆ. ಮೊದಲು ರಾಮ್, ಪ್ರೊಸೆಸರ್, ಪರದೆ ಹೀಗೆ ಮಾರಾಟವಾಗುವುದನ್ನೆಲ್ಲ ಕಿತ್ತುಕೊಳ್ಳುತ್ತಾರೆ. ಉಳಿದದ್ದು ತೂಕದ ಲೆಕ್ಕದಲ್ಲಿ ಜಾಲಿ ಮೊಹಲ್ಲಾದಂಥ ಗುಜರಿ ಪೇಟೆಗಳಿಗೆ, ಮೈಸೂರು ರಸ್ತೆಯ ಗೋರಿಪಾಳ್ಯದ ಕಡೆಯ ಗಲ್ಲಿಗಳಿಗೆ. ತಾಮ್ರಕ್ಕಾಗಿ ವೈರು ಸುಡುವುದು, ಚಿನ್ನಕ್ಕಾಗಿ ಬೋರ್ಡನ್ನು ಆಸಿಡ್ಡಿನಲ್ಲಿ ಅದ್ದುವುದು ಇಂಥ ಕಡೆಗಳಲ್ಲಿ ನಡೆದುಬಂದ ಕೆಲಸ. ಬೆಂಗಳೂರಿನ ಇಂಥ ತಾಣಗಳ ಮಣ್ಣನ್ನೂ ಕೆಲಸಗಾರರ ತಲೆಗೂದಲನ್ನೂ ಪರೀಕ್ಷಿಸಿದ ಜಪಾನಿನ ಎಹಿಮೆ ವಿಶ್ವವಿದ್ಯಾಲಯದ ಸಂಶೋಧಕರ ತಂಡ 2009ರಲ್ಲಿ ವರದಿ ಪ್ರಕಟಿಸಿತು. ಮಣ್ಣಿನಲ್ಲಿ ಸೀಸ, ಕ್ಯಾಡ್ಮಿಯಂ, ಆಂಟಿಮನಿ ಹೆಚ್ಚಿದ್ದವು. ಕೆಲವು ಲೋಹಗಳು ಕೆಲಸಗಾರರ ಕೂದಲಿನಲ್ಲೂ ಹೆಚ್ಚಾಗಿ ಸಿಕ್ಕವು. ಹೊಸ ಫೋನಿನ ಡಬ್ಬ ಬಿಚ್ಚುವ ಸಂಭ್ರಮದ ಬೆಲೆಯನ್ನು ಕೊನೆಗೆ ತೆರುವವರು ಈ ಜನ. ಅವರು ಆ ಫೋನನ್ನು ಹೊಸದಾಗಿದ್ದಾಗ ಮುಟ್ಟಿಯೂ ಇರುವುದಿಲ್ಲ.

ಒಂದು ಟನ್ ಹಳೆಯ ಮೊಬೈಲ್‌ಗಳಲ್ಲಿರುವ ಚಿನ್ನ, ಒಂದು ಟನ್ ಅದಿರಿನಲ್ಲಿ ಸಿಗುವ ಚಿನ್ನಕ್ಕಿಂತ ಹಲವು ಪಟ್ಟು ಹೆಚ್ಚು. ಕೋಲಾರದ ಗಣಿ ನಷ್ಟದಲ್ಲಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಅದೇ ನಾಡಿನಲ್ಲಿ ಅದಕ್ಕಿಂತ ಸಮೃದ್ಧವಾದ ಅದಿರನ್ನು ನಾವು ಮನೆಯ ಖಾನೆಗಳಲ್ಲಿ ಇಟ್ಟುಕೊಂಡು ಕೂತಿದ್ದೇವೆ, ಇಲ್ಲವೇ ಹಸಿ ಕಸದ ಜೊತೆ ಎಸೆಯುತ್ತಿದ್ದೇವೆ. ಆಸಿಡ್ ಹೊಗೆ ಕುಡಿಯದೆ ಅದನ್ನು ತೆಗೆಯುವ ದಾರಿ ಇಲ್ಲದಿಲ್ಲ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಮರುಬಳಕೆ ಘಟಕಗಳಲ್ಲಿ ಒಂದಾದ ಇ-ಪರಿಸರ 2005ರಲ್ಲೇ ದಾಬಸ್‌ಪೇಟೆಯಲ್ಲಿ ಶುರುವಾಗಿತ್ತು. ಇ-ತ್ಯಾಜ್ಯದ ನಿಯಮ 2011ರಲ್ಲಿ ಬಂತು, 2016ರಲ್ಲಿ ಹೊಸದಾಗಿ ಬರೆಯಲಾಯಿತು, 2022ರಲ್ಲಿ ಮತ್ತೊಮ್ಮೆ. ಮಾಡಿ ಮಾರಿದವರೇ ಕೊನೆಯ ಹೊಣೆಯನ್ನೂ ಹೊರಬೇಕು ಎಂದು ಈ ನಿಯಮಗಳು ಹೇಳುತ್ತವೆ. ಹೀಗಿದ್ದೂ ಮನೆ ಬಾಗಿಲಿಗೆ ಬಂದು ರೊಕ್ಕ ಎಣಿಸಿಕೊಟ್ಟು ಒಯ್ಯುವವನು ಗುಜರಿಯವನೊಬ್ಬನೇ. ಅವನನ್ನು ದೂರ ಇಟ್ಟು ಬರೆದ ಯಾವ ನಿಯಮವೂ ಗಲ್ಲಿ ತಲುಪುವುದಿಲ್ಲ. 2022ರಲ್ಲಿ ಜಗತ್ತು ಹುಟ್ಟುಹಾಕಿದ ಇ-ತ್ಯಾಜ್ಯ 6.2 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಲೆಕ್ಕಕ್ಕೆ ಸಿಕ್ಕಿ ಸರಿಯಾಗಿ ಮರುಬಳಕೆಯಾದದ್ದು ಶೇ 22.3 ಮಾತ್ರ.

ಐರೋಪ್ಯ ಒಕ್ಕೂಟದ ಕಾನೂನಿನಂತೆ 2027ರ ಫೆಬ್ರವರಿಯಿಂದ ಅಲ್ಲಿ ಮಾರುವ ಸಾಧನಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿ ಬಿಟ್ಟರೆ, ಬಳಸುವವರೇ ಬದಲಿಸಿಕೊಳ್ಳುವಂತಿರಬೇಕು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಅಷ್ಟಕ್ಕೇ ನಿಲ್ಲಬಾರದು. ಬಿಡಿಭಾಗ ಮತ್ತು ಸರ್ಕ್ಯೂಟ್ ನಕ್ಷೆ ಎಸ್.ಪಿ. ರಸ್ತೆಯ ಮೇಜಿಗೂ ಸಿಗುವಂತೆ ಕಂಪನಿಗಳನ್ನು ಕಟ್ಟಿಹಾಕುವ ಕಾನೂನು ಬೇಕು.

ಹೋಗುವವರಿಗೆ ಒಂದೆರಡು ಮಾತು. ನಮ್ಮ ಮೆಟ್ರೋದ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದು ನಡೆಯುವುದೇ ಸುಲಭ, ಕಾರು ತಂದರೆ ನಿಲ್ಲಿಸಲು ಜಾಗವಿಲ್ಲ. ಭಾನುವಾರ ಬಹುತೇಕ ಅಂಗಡಿಗಳಿಗೆ ರಜೆ. ಎರಡು ಮೂರು ಕಡೆ ಬೆಲೆ ಕೇಳಿ, ಬಿಲ್ ಪಡೆಯಿರಿ, ಕೊಂಡ ಸಾಮಾನನ್ನು ಅಲ್ಲೇ ಆನ್ ಮಾಡಿಸಿ ನೋಡಿ. ರಿಪೇರಿಗೆ ಕೊಡುವ ಮೊದಲು ಫೋಟೊ, ದಾಖಲೆಗಳನ್ನು ಬೇರೆಡೆ ಉಳಿಸಿಕೊಳ್ಳಿ. ಸರಿಯಾಗದು ಎಂದು ಮನೆಯಲ್ಲೇ ತೀರ್ಮಾನಿಸಿದ ಹಳೆಯ ಫೋನೊಂದು ಇದ್ದೇ ಇರುತ್ತದಲ್ಲ, ಅದನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ. ತೆರೆದು ನೋಡಿ ಹೇಳಲು ಅನೇಕರು ದುಡ್ಡು ಕೇಳುವುದಿಲ್ಲ.