ಮಂಗಳನ ಮೇಲಿನ ಗುಳ್ಳೆ, ಮನೆಯೊಳಗಿನ ಫ್ಯಾನು

ಮೊದಲ ಸಲ ಮೇಷ್ಟ್ರ ಮನೆಯಲ್ಲಿ ಕೂತು ಒಂದು ಗಂಟೆ ಮಾತು ರೆಕಾರ್ಡ್ ಮಾಡಿಕೊಂಡು ಬಂದೆ. ರಾತ್ರಿ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಕೇಳಿಸಿದ್ದು ಸೀಲಿಂಗ್ ಫ್ಯಾನಿನ ಗರಗರ. ಅದರ ಹಿಂದೆಲ್ಲೋ, ಬಾವಿಯೊಳಗಿಂದ ಬಂದ ಹಾಗೆ, ಮಂಗಳ ಗ್ರಹದ ಜ್ವಾಲಾಮುಖಿಗಳ ಪಾಠ. ಭೂವಿಜ್ಞಾನ ಕಲಿಸಿ ನಿವೃತ್ತರಾದ ಅವರು ಬೇಸರಿಸಲಿಲ್ಲ. "ಇನ್ನೊಂದ್ಸಲ ಬನ್ನಿ, ಆ ಬೆಟ್ಟ ಎಲ್ಲಿಗೂ ಹೋಗಲ್ಲ" ಅಂದರು. ಆ ಬೆಟ್ಟ ಅಷ್ಟು ಬೆಳೆದದ್ದಕ್ಕೆ ಕಾರಣವೂ ಅದೇ ಅಂತ ಆಮೇಲೆ ಗೊತ್ತಾಯಿತು.

ಎರಡನೇ ಸಲ ಮೊದಲು ಮಾಡಿದ ಕೆಲಸ ಫ್ಯಾನ್ ಆರಿಸಿದ್ದು. ಎದುರಿಗೆ ಕೂತಾಗ ಫ್ಯಾನಿನ ಸದ್ದನ್ನು ನಮ್ಮ ಮಿದುಳು ತಾನೇ ಬದಿಗೆ ಸರಿಸಿ ಮಾತನ್ನಷ್ಟೇ ಆರಿಸಿಕೊಳ್ಳುತ್ತದೆ. ಮೈಕಿಗೆ ಆ ವಿವೇಕವಿಲ್ಲ. ಬಾಯಿಗೂ ಮೈಕಿಗೂ ಇರುವ ದೂರ ಎರಡು ಪಟ್ಟಾದರೆ ಅದಕ್ಕೆ ನೇರವಾಗಿ ತಲುಪುವ ದನಿಯ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಕೋಣೆಯೆಲ್ಲ ತುಂಬಿರುವ ಗರಗರ ಮಾತ್ರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಆದ್ದರಿಂದ ರೆಕಾರ್ಡರನ್ನು ಮೇಷ್ಟ್ರ ಮುಂದೆ ಎರಡು ಗೇಣು ದೂರಕ್ಕೆ ತಂದೆ. ಲೋಟ ಇಟ್ಟ ಸದ್ದು ಮೇಜಿನ ಮರದೊಳಗಿಂದ ಹರಿದು ಬಾರದಿರಲಿ ಅಂತ ಅದರಡಿಗೆ ಮಡಿಸಿದ ಟವೆಲ್ ಹಾಕಿದೆ. 'ಲೋ ಕಟ್' ಅನ್ನುವ ಗುಂಡಿಯಿದ್ದರೆ ಒತ್ತಿಡಿ, ರಸ್ತೆಯ ಲಾರಿ, ಮೋಟರುಗಳ ತಗ್ಗು ಗುಂಯ್‌ಗುಡುವಿಕೆಯನ್ನು ಅದು ಕತ್ತರಿಸುತ್ತದೆ. ದನಿ ಬಂದಾಗ ಮಾತ್ರ ತಾನಾಗಿ ಶುರುವಾಗುವ ಸೌಲಭ್ಯವನ್ನಂತೂ ಆಫ್ ಮಾಡಿಯೇ ಇಡಬೇಕು. ಅದು ಎಚ್ಚರವಾಗುವಷ್ಟರಲ್ಲಿ ವಾಕ್ಯದ ಮೊದಲ ಅಕ್ಷರಗಳು ಹೋಗಿರುತ್ತವೆ.

ಇನ್ನು ಫೈಲಿನ ಬಗೆ. ಸಿ.ಡಿ. ಗುಣಮಟ್ಟದ ವೇವ್ ಫೈಲು ನಿಮಿಷಕ್ಕೆ ಸುಮಾರು 10 ಎಂ.ಬಿ. ನುಂಗುತ್ತದೆ. 128 ಕೆ.ಬಿ.ಪಿ.ಎಸ್. ಎಂಪಿ3 ಆದರೆ ಒಂದು ಗಂಟೆಗೆ 60 ಎಂ.ಬಿ. ಒಳಗೇ ಮುಗಿಯುತ್ತದೆ. ಮಾತಿಗೆ ಅಷ್ಟು ಸಾಕು.

ಇನ್ನು ಮೇಷ್ಟ್ರು ಹೇಳಿದ ಆ ಬೆಟ್ಟ. ಮಂಗಳದ ಜ್ವಾಲಾಮುಖಿ ಒಲಿಂಪಸ್ ಮಾನ್ಸ್ ಅಂದರೆ ಚೂಪು ಶಿಖರ ಕಣ್ಣಿಗೆ ಕಟ್ಟುವುದಾದರೆ ಆ ಚಿತ್ರವನ್ನು ಅಳಿಸಿಬಿಡಿ. ಬೋರಲು ಹಾಕಿದ ಗುರಾಣಿಯ ಆಕಾರ ಅದರದ್ದು. ಅಡ್ಡಗಲ ಸುಮಾರು 600 ಕಿ.ಮೀ. ಇಡೀ ಕರ್ನಾಟಕದ ವಿಸ್ತೀರ್ಣ 1.92 ಲಕ್ಷ ಚದರ ಕಿ.ಮೀ., ಈ ಬೆಟ್ಟದ ಬುಡ ಅದಕ್ಕಿಂತ ದೊಡ್ಡದು. ಸರಾಸರಿ ಇಳಿಜಾರು 5 ಡಿಗ್ರಿಯಷ್ಟೇ. ನೂರು ಮೀಟರ್ ನಡೆದರೆ ಒಂಬತ್ತು ಮೀಟರ್ ಏರಿದಂತೆ. ಮಂಗಳ ಸಣ್ಣ ಗ್ರಹವಾದ್ದರಿಂದ ಸಮತಟ್ಟಿನಲ್ಲಿ ನಿಂತವರಿಗೆ ದಿಗಂತ ಮೂರೂವರೆ ಕಿ.ಮೀ. ಆಚೆಗೇ ಮುಗಿಯುತ್ತದೆ. ಸೌರಮಂಡಲದ ಅತಿ ದೊಡ್ಡ ಜ್ವಾಲಾಮುಖಿಯ ಮೇಲೆ ನಿಂತವನಿಗೆ ತಾನು ಬೆಟ್ಟದ ಮೇಲಿದ್ದೇನೆ ಅಂತಲೇ ಅನ್ನಿಸಲಿಕ್ಕಿಲ್ಲ. ಅಂಚಿನಲ್ಲಿ ಮಾತ್ರ ಎಚ್ಚರ ಬೇಕು, ಕೆಲವೆಡೆ ಹಲವು ಕಿ.ಮೀ. ಎತ್ತರದ ಕಡಿದಾದ ಗೋಡೆಗಳಿವೆ. ನೆತ್ತಿಯ ಮೇಲೆ ಒಂದರೊಳಗೊಂದು ಕುಸಿದ ಆರು ಕುಳಿಗಳು, ಒಟ್ಟಿಗೆ ಸುಮಾರು 80 ಕಿ.ಮೀ. ಉದ್ದ.

ಎತ್ತರ ಎಷ್ಟು? ರೆಕಾರ್ಡಿಂಗಿನಲ್ಲಿ ಒಂದು ಕಡೆ "ಇಪ್ಪತ್ತೆರಡು" ಅಂತಿತ್ತು, ಇನ್ನೊಂದು ಕಡೆ "ಇಪ್ಪತ್ತಾರು". ನನ್ನ ಕಿವಿಯ ತಪ್ಪಿರಬೇಕೆಂದು ವೇಗವನ್ನು 0.7ಕ್ಕೆ ಇಳಿಸಿ, ಎ-ಬಿ ಗುಂಡಿಯಿಂದ ಅದೇ ಚೂರನ್ನು ನಾಲ್ಕು ಸಲ ಕೇಳಿದೆ. ತಪ್ಪಿರಲಿಲ್ಲ. ಮಂಗಳದಲ್ಲಿ ಸಮುದ್ರವಿಲ್ಲ, ಹಾಗಾಗಿ ಸಮುದ್ರ ಮಟ್ಟವೂ ಇಲ್ಲ. ವಿಜ್ಞಾನಿಗಳು ಗೊತ್ತುಮಾಡಿಕೊಂಡ ಸರಾಸರಿ ಮಟ್ಟದಿಂದ ಅಳೆದರೆ ಸುಮಾರು 22 ಕಿ.ಮೀ., ದೂರದ ವಾಯವ್ಯ ಬಯಲಿನಿಂದ ಅಳೆದರೆ 26. ಯಾರನ್ನಾದರೂ ರೆಕಾರ್ಡ್ ಮಾಡುವಾಗ ಅಂಕಿ ಬಂದರೆ ಎರಡು ಸಲ ಹೇಳಿಸಿ, ಎಲ್ಲಿಂದ ಅಳೆದದ್ದು ಅಂತಲೂ ಕೇಳಿ. ಗುರುತು ಹಾಕುವ ಗುಂಡಿಯನ್ನು ಆಗಲೇ ಒತ್ತಿಬಿಟ್ಟರೆ ಆಮೇಲೆ ತಡಕಾಡುವುದು ತಪ್ಪುತ್ತದೆ.

ಇಷ್ಟು ಬೆಳೆದದ್ದು ಹೇಗೆ ಅಂದರೆ ಮೇಷ್ಟ್ರು ನೇರ ಅಡುಗೆಮನೆಗೆ ಹೋದರು, ಮಾತಿನಲ್ಲಿ. "ಕೆಂಡದ ಮೇಲೆ ಹಪ್ಪಳ ಸುಡೋವಾಗ ಕೈ ಆಡಿಸ್ತಾನೇ ಇರ್ತೀವಿ ಅಲ್ವೇ? ಒಂದೇ ಕಡೆ ಹಿಡಿದ್ರೆ ಅಲ್ಲೇ ದೊಡ್ಡ ಗುಳ್ಳೆ ಏಳುತ್ತೆ. ಭೂಮಿ ಹಪ್ಪಳ ಆಡಿಸುತ್ತೆ, ಮಂಗಳ ಆಡಿಸಲ್ಲ."

ಗ್ರಹದ ಒಳಗಿನಿಂದ ಶಿಲಾಪಾಕ ಉಕ್ಕುವ ಬಿಸಿತಾಣಗಳು ಎರಡೂ ಕಡೆ ಕೆಲಸ ಮಾಡಿವೆ. ಭೂಮಿಯ ಹೊರಚಿಪ್ಪು ಮಾತ್ರ ಫಲಕಗಳಾಗಿ ಒಡೆದು ಸರಿಯುತ್ತಿರುತ್ತದೆ. ಪೆಸಿಫಿಕ್ ಫಲಕ ವರ್ಷಕ್ಕೆ ಕೆಲವು ಸೆಂಟಿಮೀಟರ್ ಜರುಗುತ್ತದೆ. ಒಂದು ಬೆಟ್ಟ ಬೆಳೆಯುವಷ್ಟರಲ್ಲಿ ಅದು ಬಿಸಿತಾಣದ ಮೇಲಿನಿಂದ ಆಚೆ ಹೋಗಿ, ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತದೆ. ಹವಾಯಿ ದ್ವೀಪಗಳ ಸಾಲು ಹಾಗೆ ಆದದ್ದು ಎಂದು 1963ರಲ್ಲಿ ಕೆನಡಾದ ಟೂಝೊ ವಿಲ್ಸನ್ ವಿವರಿಸಿದರು. ಅಲ್ಲಿನ ಮೌನಾ ಲೋವಾ ಸಾಗರತಳದಿಂದ ಸುಮಾರು 9 ಕಿ.ಮೀ. ಏರುವಷ್ಟಕ್ಕೇ ಸುಸ್ತು. ಮಂಗಳದ ಚಿಪ್ಪು ಒಂದೇ ತುಂಡು. ಒಂದೇ ತೂತಿನ ಮೇಲೆ ಲಾವಾರಸ ಪದರದ ಮೇಲೆ ಪದರ ಕೂತಿತು, ಕೋಟ್ಯಂತರ ವರ್ಷ. ಗುರುತ್ವವೂ ನಮ್ಮದರ ನೂರಕ್ಕೆ 38ರಷ್ಟೇ ಇರುವುದರಿಂದ ತನ್ನ ಭಾರಕ್ಕೆ ತಾನೇ ಕುಸಿಯುವ ಭಯ ಕಡಿಮೆ.

ಈ ಲೆಕ್ಕದಲ್ಲಿ ನಮ್ಮದೂ ಒಂದು ಕಥೆಯಿದೆ. 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಲಾವಾ ಸುರಿಸಿದ ಬಿಸಿತಾಣ ಇವತ್ತು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಅಡಿಯಲ್ಲಿದೆ ಎಂಬುದು ಬಹುಪಾಲು ಭೂವಿಜ್ಞಾನಿಗಳ ಮತ. ನಾವು ಉತ್ತರಕ್ಕೆ ಜಾರಿ ಬಂದೆವು, ಬೆಂಕಿ ಅಲ್ಲೇ ಉಳಿಯಿತು. ಗೋಳಗುಮ್ಮಟದ ಕಪ್ಪು ಕಲ್ಲು ಆ ಲಾವಾದ್ದೇ.

ಮಂಗಳದ ಬೆಟ್ಟಗಳು ಕಣ್ಣಿಗೆ ಬಿದ್ದ ಬಗೆಯೂ ಸೊಗಸು. 1971ರ ನವೆಂಬರಿನಲ್ಲಿ ಮರೀನರ್ 9 ನೌಕೆ ಅಲ್ಲಿ ತಲುಪಿದಾಗ ಇಡೀ ಗ್ರಹ ಧೂಳಿನ ಬಿರುಗಾಳಿಯಲ್ಲಿ ಮುಳುಗಿತ್ತು. ಕಂಡದ್ದು ನಾಲ್ಕು ಕಪ್ಪು ಚುಕ್ಕೆ ಮಾತ್ರ. ವಾರಗಳು ಕಳೆದು ಧೂಳು ಕೂತ ಮೇಲೆ ಅವು ಒಲಿಂಪಸ್, ಆರ್ಸಿಯಾ, ಪವೋನಿಸ್, ಅಸ್ಕ್ರೇಯಸ್ ಜ್ವಾಲಾಮುಖಿಗಳ ನೆತ್ತಿಗಳೆಂದು ತಿಳಿಯಿತು. ಆರ್ಸಿಯಾದ ಚಿತ್ರವನ್ನು ನಮ್ಮ ಮಂಗಳಯಾನದ ಕ್ಯಾಮೆರಾವೂ ತೆಗೆದಿದೆ.

ಕೊನೆಗೊಂದು ಮಾತು, ಕೆಲಸ ಮುಗಿದ ಮೇಲೆ ಸ್ಟಾಪ್ ಒತ್ತಲು ಮರೆಯಬೇಡಿ. ಹಲವು ಯಂತ್ರಗಳಲ್ಲಿ ಫೈಲು ಸರಿಯಾಗಿ ಮುಚ್ಚಿಕೊಳ್ಳುವುದು ಆಗಲೇ. ನಡುವೆ ಸೆಲ್ಲು ಸತ್ತರೆ ಅಷ್ಟೂ ಹೋಗಬಹುದು. ನಾನು ಮರೆತಿದ್ದೆ. ಪುಣ್ಯಕ್ಕೆ ಸೆಲ್ಲಿನಲ್ಲಿ ಜೀವವಿತ್ತು. ಫೈಲಿನ ತುದಿಯಲ್ಲಿ ಕುರ್ಚಿ ಎಳೆದ ಸದ್ದು, ಆಮೇಲೆ ಬೆವರಿ ಸಾಕಾದ ಮೇಷ್ಟ್ರ ದನಿ: "ಆಯ್ತಲ್ಲ, ಇನ್ನು ಫ್ಯಾನ್ ಹಾಕ್ಲಾ?" ಅದರ ಹಿಂದೆಯೇ ಗರಗರ.