ಲಾಗರ್: ಸ್ಕ್ರಿಪ್ಟ್‌ಗೆ ಬಾಯಿ ಕೊಡುವ ಪುಟ್ಟ ಕಮ್ಯಾಂಡ್

ಕಳೆದ ಚಳಿಗಾಲದ ಸೆಮಿಸ್ಟರ್‌ನಲ್ಲಿ ನಾವು ಮೂರು ಜನ ಸೇರಿ ಒಂದು ಪ್ರಾಜೆಕ್ಟ್ ಹಿಡಿದಿದ್ವಿ. ಜರ್ಮನಿಯ ನಮ್ಮ ಹಾಸ್ಟೆಲ್ ಕೋಣೆಗಳಲ್ಲಿ ತಾಪಮಾನ ಮತ್ತು ತೇವಾಂಶ ದಿನವಿಡೀ ಹೇಗೆ ಬದಲಾಗುತ್ತೆ ಅಂತ ಅಳೆಯುವ ಕೆಲಸ. ಸೆನ್ಸರ್‌ಗಳ ಅಂಕಿಗಳೆಲ್ಲ ಒಂದು ರಾಸ್ಪ್‌ಬೆರಿ ಪೈ ಮೇಲೆ ಬಂದು ಕೂರುತ್ತಿದ್ದವು. ರಾತ್ರಿ 2 ಗಂಟೆಗೆ ಕ್ರಾನ್ ಒಂದು ಸ್ಕ್ರಿಪ್ಟ್ ಓಡಿಸಿ, ಎಲ್ಲವನ್ನೂ ಯುಎಸ್‌ಬಿ ಡಿಸ್ಕ್‌ಗೆ ನಕಲು ಮಾಡುತ್ತಿತ್ತು. ಮಾಡುತ್ತಿತ್ತು ಅಂತ ನಾವು ನಂಬಿದ್ವಿ.

ಐದನೇ ವಾರದ ಕೊನೆಗೆ ಪೈ ಒಳಗಿನ ಮೆಮೊರಿ ಕಾರ್ಡ್ ಸತ್ತುಹೋಯ್ತು. "ಬ್ಯಾಕಪ್ ಇದೆಯಲ್ಲಾ" ಅಂತ ಡಿಸ್ಕ್ ತೆಗೆದು ನೋಡಿದ್ರೆ, ಅದರಲ್ಲಿದ್ದದ್ದು ಮೊದಲ 12 ದಿನದ ಅಂಕಿಗಳು ಮಾತ್ರ. ಮಧ್ಯೆ ಯಾರೋ ವ್ಯಾಕ್ಯೂಮ್ ಕ್ಲೀನರ್‌ಗೆ ಅಂತ ಪ್ಲಗ್ ಕಿತ್ತಿದ್ದರು. ಪೈ ಮತ್ತೆ ಶುರುವಾದಾಗ ಡಿಸ್ಕ್ ಮೌಂಟ್ ಆಗಿರಲಿಲ್ಲ. ಡಿಸ್ಕ್ ಇರಬೇಕಾದ ಜಾಗದಲ್ಲಿ ಖಾಲಿ ಫೋಲ್ಡರ್ ಇತ್ತಲ್ಲ, ನಮ್ಮ ಸ್ಕ್ರಿಪ್ಟ್ ಅದೇ ಕಾರ್ಡಿನಿಂದ ಅದೇ ಕಾರ್ಡಿಗೆ 23 ದಿನ ನಿಷ್ಠೆಯಿಂದ ನಕಲು ಮಾಡಿತ್ತು. ನಮಗೆ ಒಂದು ಮಾತೂ ಹೇಳಿರಲಿಲ್ಲ.

ಅದಾದ ಮೇಲೆ ಕಲಿತ ಒಂದು ಸಣ್ಣ ಕಮ್ಯಾಂಡ್ ಬಗ್ಗೆ ಈ ಬರಹ. ಲಿನಕ್ಸ್ ಸರ್ವರ್ ಮೇಲೆ ಥೀಸಿಸ್ ಕೆಲಸ ಓಡಿಸುವ ಎಲ್ಲರಿಗೂ ಉಪಯೋಗ ಆಗಬಹುದು. ಕಮ್ಯಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಸಿಸ್ಟಂ ಲಾಗ್ ಅಂದ್ರೇನು?

ಕಂಪ್ಯೂಟರ್‌ನಲ್ಲಿ ನಡೆಯುವ ಮುಖ್ಯ ಘಟನೆಗಳ ದಿನಚರಿ ಅದು. ಯಾರು ಲಾಗಿನ್ ಆದರು, ಯಾವ ಸೇವೆ ನಿಂತಿತು, ಯಾವ ಡಿಸ್ಕ್ ತೊಂದರೆ ಕೊಟ್ಟಿತು, ಎಲ್ಲ ಹೊತ್ತಿನ ಸಮೇತ ಅಲ್ಲಿರುತ್ತೆ. ಇದರ ಮೂಲ 1980ರ ದಶಕದ ಸಿಸ್‌ಲಾಗ್. ಬರ್ಕ್ಲಿಯಲ್ಲಿ ಎರಿಕ್ ಆಲ್‌ಮನ್ ತಮ್ಮ ಸೆಂಡ್‌ಮೇಲ್ ಪ್ರೋಗ್ರಾಂಗೋಸ್ಕರ ಮಾಡಿಕೊಂಡ ವ್ಯವಸ್ಥೆ ಇದು. ಆಮೇಲೆ ಎಲ್ಲರೂ ಬಳಸತೊಡಗಿದರು. ಆ ಪದ್ಧತಿ 2001ರಲ್ಲಿ ಆರ್‌ಎಫ್‌ಸಿ 3164 ಆಗಿ ದಾಖಲಾಯ್ತು, 2009ರಲ್ಲಿ ಆರ್‌ಎಫ್‌ಸಿ 5424 ಅದರ ಜಾಗಕ್ಕೆ ಬಂತು.

ಈ ದಿನಚರಿಯಲ್ಲಿ ನಾವೂ ಒಂದು ಸಾಲು ಬರೆಯಬಹುದು. ಅದಕ್ಕೆ ಇರೋದೇ ಲಾಗರ್. ಟರ್ಮಿನಲ್‌ನಲ್ಲಿ ಹೀಗೆ ಕೊಡಿ:

ಲಾಗರ್ "ನಮಸ್ಕಾರ, ಇದು ಪರೀಕ್ಷೆ"

ಪರದೆ ಮೇಲೆ ಏನೂ ಕಾಣಲ್ಲ, ಗಾಬರಿ ಬೇಡ. ಸಂದೇಶ ಲಾಗ್‌ಗೆ ಹೋಗಿದೆ. ಪರದೆ ಮೇಲೂ ಬೇಕಿದ್ದರೆ -ಎಸ್ ಸೇರಿಸಿ. ಸಿಸ್ಟಂಡಿ ಇರುವ ಯಂತ್ರದಲ್ಲಿ ಜರ್ನಲ್‌ಸಿಟಿಎಲ್ ಕಮ್ಯಾಂಡ್ ಕೊಟ್ಟು ಓದಬಹುದು. ಹಳೇ ರೀತಿಯ ಫೈಲ್ ಬೇಕಂದ್ರೆ ಡೆಬಿಯನ್, ಉಬುಂಟು ಕಡೆ ವಾರ್ ಫೋಲ್ಡರಿನ ಲಾಗ್ ಒಳಗೆ ಸಿಸ್‌ಲಾಗ್ ಅಂತ, ರೆಡ್‌ಹ್ಯಾಟ್ ಕಡೆ ಮೆಸೇಜಸ್ ಅಂತ ಇರುತ್ತೆ. ಡೆಬಿಯನ್ 12ರಿಂದ ಈ ಫೈಲ್ ತಾನಾಗಿ ಇರಲ್ಲ, ಆರ್‌ಸಿಸ್‌ಲಾಗ್ ಹಾಕಿಕೊಳ್ಳಬೇಕು.

ಸಂದೇಶ ಕನ್ನಡದಲ್ಲೂ ಬರೆಯಬಹುದು. ಆದರೆ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಚಿಹ್ನೆಗೂ 3 ಬೈಟ್ ಬೇಕು, ಲಾಗರ್‌ನ ಸಾಮಾನ್ಯ ಮಿತಿ ಒಂದು ಕಿಲೋಬೈಟ್. ಲ್ಯಾಬ್‌ನ ಬೇರೆಯವರೂ ಓದಬೇಕಾದ ಲಾಗ್ ಆದರೆ ಇಂಗ್ಲಿಷೇ ವಾಸಿ.

ಹೆಸರು ಹಾಕಿ, ತುರ್ತು ಹೇಳಿ

ಲಾಗ್‌ನಲ್ಲಿ ದಿನಕ್ಕೆ ಸಾವಿರಾರು ಸಾಲು ಬರಬಹುದು. ಅದರಲ್ಲಿ ನಿಮ್ಮದು ಸಿಗಬೇಕಂದ್ರೆ ಹೆಸರು ಬೇಕು. -ಟಿ ಆಯ್ಕೆ ಇರೋದು ಅದಕ್ಕೇ:

ಲಾಗರ್ -ಟಿ ಬ್ಯಾಕಪ್ "ನಕಲು ಶುರು"

ಆಮೇಲೆ ಜರ್ನಲ್‌ಸಿಟಿಎಲ್ -ಟಿ ಬ್ಯಾಕಪ್ ಅಂದ್ರೆ ಆ ಹೆಸರಿನ ಸಾಲುಗಳು ಮಾತ್ರ ಬರುತ್ತವೆ.

ಎರಡನೆಯದು -ಪಿ. ಇದರಲ್ಲಿ ಎರಡು ಭಾಗ, ಮಧ್ಯೆ ಚುಕ್ಕೆ. ಮೊದಲ ಭಾಗ ಸಂದೇಶ ಯಾವ ವಿಭಾಗದ್ದು ಅಂತ ಹೇಳುತ್ತೆ: ಮೇಲ್, ಕ್ರಾನ್, ಯೂಸರ್ ಇತ್ಯಾದಿ. ನಮ್ಮ ಸ್ವಂತ ಬಳಕೆಗೆ ಅಂತಲೇ ಲೋಕಲ್0ಯಿಂದ ಲೋಕಲ್7ರವರೆಗೆ ಎಂಟು ಇವೆ. ಎರಡನೇ ಭಾಗ ತುರ್ತು. ಇದಕ್ಕೆ 0ಯಿಂದ 7ರವರೆಗೆ ಎಂಟು ಮೆಟ್ಟಿಲು. 0 ಅಂದರೆ ಯಂತ್ರವೇ ಬಿದ್ದುಹೋಗುವ ಸ್ಥಿತಿ, 3 ತಪ್ಪು, 4 ಎಚ್ಚರಿಕೆ, 6 ಬರೀ ಮಾಹಿತಿ, 7 ಡೀಬಗ್. ಸಂಖ್ಯೆ ಚಿಕ್ಕದಾದಷ್ಟೂ ವಿಷಯ ಗಂಭೀರ.

ಒಳಗೆ ಇವೆರಡೂ ಸೇರಿ ಒಂದೇ ಸಂಖ್ಯೆ ಆಗುತ್ತೆ: ವಿಭಾಗದ ಸಂಖ್ಯೆಯನ್ನು 8ರಿಂದ ಗುಣಿಸಿ ತುರ್ತನ್ನು ಕೂಡಿಸಿದರೆ ಆಯ್ತು. -ಪಿ ಕೊಡದಿದ್ದರೆ ಲಾಗರ್ ಬಳಸೋದು ಯೂಸರ್.ನೋಟೀಸ್. ಯೂಸರ್ 1, ನೋಟೀಸ್ 5, ಹಾಗಾಗಿ 13. ಲೋಕಲ್0 ಅಂದರೆ 16. ಅದರಲ್ಲಿ ತಪ್ಪು ಬರೆದರೆ 131. ನೆಟ್‌ವರ್ಕ್‌ನಲ್ಲಿ ಹೋಗುವ ಸಿಸ್‌ಲಾಗ್ ಸಂದೇಶದ ತಲೆಯಲ್ಲಿ ಕಾಣೋದು ಇದೇ ಸಂಖ್ಯೆ.

ಸ್ಕ್ರಿಪ್ಟ್ ಒಳಗೆ: ನಾವು ಎಡವಿದ ಜಾಗಗಳು

ನಮ್ಮ ಹಳೇ ಸ್ಕ್ರಿಪ್ಟ್‌ನ ಕೊನೆಯಲ್ಲಿ "ಬ್ಯಾಕಪ್ ಆಯ್ತು" ಅಂತ ಒಂದು ಎಕೋ ಇತ್ತು. ಹೊಸ ಕಾರ್ಡ್ ಹಾಕಿ ಅದನ್ನೇ ಓಡಿಸಿ ನೋಡಿದ್ವಿ. ಕ್ರಾನ್ ತನ್ನ ಕೆಲಸಗಳ ಔಟ್‌ಪುಟ್ ಅನ್ನು ಮೇಲ್ ಮಾಡಲು ನೋಡುತ್ತೆ. ಪೈ ಮೇಲೆ ಮೇಲ್ ಕಳಿಸುವ ಪ್ರೋಗ್ರಾಂ ಇಲ್ಲ. ಹಾಗಾಗಿ "ಔಟ್‌ಪುಟ್ ಬಿಸಾಡುತ್ತಿದ್ದೇನೆ" ಎಂಬ ಅರ್ಥದ ಸಾಲನ್ನು ಕ್ರಾನ್ ಸಿಸ್ಟಂ ಲಾಗ್‌ಗೆ ಬರೆದು ಸುಮ್ಮನಾಗುತ್ತೆ. ಅಂದ್ರೆ ಲಾಗ್ ಓದುವ ಅಭ್ಯಾಸ ಇದ್ದಿದ್ರೆ ಮೊದಲ ವಾರದಲ್ಲೇ ಗೊತ್ತಾಗ್ತಿತ್ತು, ನಮ್ಮ ಎಕೋ ಯಾರ ಕಿವಿಗೂ ಬೀಳುತ್ತಿಲ್ಲ ಅಂತ.

ಎಕೋ ತೆಗೆದು ಲಾಗರ್ ಹಾಕಿದ್ವಿ. ಅಷ್ಟು ಸಾಕು ಅಂದ್ಕೊಂಡ್ರೆ ಮತ್ತೆ ತಪ್ಪು. ಆ 23 ರಾತ್ರಿಯೂ ನಕಲು "ಯಶಸ್ವಿ"ಯಾಗೇ ಮುಗಿದಿತ್ತಲ್ಲ! ಹೋದ ಜಾಗ ಮಾತ್ರ ಬೇರೆ. ಲಾಗರ್ ಇದ್ದಿದ್ದರೂ ಪ್ರತಿ ರಾತ್ರಿ "ಆಯ್ತು" ಅಂತ ಸುಳ್ಳು ಹೇಳುತ್ತಿತ್ತು. ಆದ್ದರಿಂದ ಹೊಸ ಸ್ಕ್ರಿಪ್ಟ್ ಈ ಕ್ರಮದಲ್ಲಿದೆ:

1. ಮೌಂಟ್‌ಪಾಯಿಂಟ್ -ಕ್ಯೂ ಕಮ್ಯಾಂಡ್ ಬಳಸಿ ಡಿಸ್ಕ್ ನಿಜವಾಗಿ ಜೋಡಣೆ ಆಗಿದೆಯಾ ನೋಡು. ಇಲ್ಲದಿದ್ದರೆ ತಪ್ಪು ಎಂಬ ತುರ್ತಿನಲ್ಲಿ ಒಂದು ಸಾಲು ಬರೆದು ಅಲ್ಲೇ ನಿಲ್ಲು.
2. ಆರ್‌ಸಿಂಕ್ ಓಡಿಸು. ಅದು ಕೊಟ್ಟ ಎಕ್ಸಿಟ್ ಕೋಡ್ ಅನ್ನು ತಕ್ಷಣ ಒಂದು ವೇರಿಯಬಲ್‌ನಲ್ಲಿ ಇಟ್ಟುಕೋ. ಮಧ್ಯೆ ಇನ್ನೊಂದು ಕಮ್ಯಾಂಡ್ ಬಂದರೆ ಆ ಕೋಡ್ ಅಳಿಸಿಹೋಗುತ್ತೆ.
3. ಕೋಡ್ ಸೊನ್ನೆ ಅಲ್ಲದಿದ್ದರೆ ಕೋಡ್ ಸಮೇತ ತಪ್ಪಿನ ಸಾಲು ಬರೆ.
4. ಸೊನ್ನೆಯಾದರೆ ಡಿಸ್ಕ್ ಮೇಲಿನ ಫೈಲ್‌ಗಳ ಎಣಿಕೆ ಸಮೇತ ಮಾಹಿತಿಯ ಸಾಲು ಬರೆ.

ಇನ್ನೊಂದು ಗುಂಡಿಗೂ ಬಿದ್ದೆದ್ವಿ. ಆರ್‌ಸಿಂಕ್‌ನ ಔಟ್‌ಪುಟ್ ಪೂರ್ತಿ ಲಾಗ್‌ಗೆ ಹೋಗಲಿ ಅಂತ ಪೈಪ್ ಹಾಕಿ ಲಾಗರ್‌ಗೆ ಜೋಡಿಸಿದ್ವಿ. ಇದು ಕೆಲಸ ಮಾಡುತ್ತೆ, ಆದರೆ ಪೈಪ್‌ನಲ್ಲಿ ಸಿಗೋ ಎಕ್ಸಿಟ್ ಕೋಡ್ ಕೊನೆಯ ಕಮ್ಯಾಂಡಿನದು. ಆರ್‌ಸಿಂಕ್ ಸೋತರೂ ಲಾಗರ್ ಗೆದ್ದಿರುತ್ತೆ, ಸ್ಕ್ರಿಪ್ಟ್‌ಗೆ ಸೊನ್ನೆ ಸಿಗುತ್ತೆ. ಬ್ಯಾಷ್‌ನಲ್ಲಿ ಮೇಲ್ಗಡೆ ಸೆಟ್ -ಓ ಪೈಪ್‌ಫೇಲ್ ಅಂತ ಹಾಕಿದ್ರೆ ಸರಿಹೋಗುತ್ತೆ.

ಲಾಗ್ ಎಲ್ಲಿ ಉಳಿಯುತ್ತೆ?

ಕೆಲವು ಯಂತ್ರಗಳಲ್ಲಿ ಜರ್ನಲ್ ಬರೀ ಮೆಮೊರಿಯಲ್ಲಿ ಇರುತ್ತೆ, ರೀಬೂಟ್ ಆದರೆ ಮಾಯ. ವಾರ್ ಫೋಲ್ಡರಿನ ಲಾಗ್ ಒಳಗೆ ಜರ್ನಲ್ ಎಂಬ ಫೋಲ್ಡರ್ ಇದೆಯಾ ನೋಡಿ. ಇಲ್ಲದಿದ್ದರೆ ಜರ್ನಲ್‌ಡಿ ಸೆಟ್ಟಿಂಗ್‌ನಲ್ಲಿ ಸ್ಟೋರೇಜ್ ಅನ್ನು ಪರ್ಸಿಸ್ಟೆಂಟ್ ಅಂತ ಮಾಡಿ.

ಅದಕ್ಕಿಂತ ದೊಡ್ಡ ಮಾತು: ಕಾರ್ಡ್ ಸತ್ತರೆ ಅದರಲ್ಲಿದ್ದ ಲಾಗೂ ಸಾಯುತ್ತೆ. ನಮ್ಮ ಹಳೇ ಲಾಗ್ ಹೋಗಿದ್ದೂ ಹಾಗೇ. ಲಾಗರ್‌ಗೆ -ಎನ್ ಕೊಟ್ಟು ಇನ್ನೊಂದು ಯಂತ್ರದ ಹೆಸರು ಬರೆದರೆ ಸಂದೇಶ ಅಲ್ಲಿಗೆ ಹೋಗುತ್ತೆ. ಸಿಸ್‌ಲಾಗ್‌ನ ಯುಡಿಪಿ ಪೋರ್ಟ್ 514. ಆ ಯಂತ್ರದಲ್ಲಿ ಸಂದೇಶ ಸ್ವೀಕರಿಸುವ ಸೆಟ್ಟಿಂಗ್ ಇರಬೇಕು. ಯುಡಿಪಿಯಲ್ಲಿ ತಲುಪಿದ ಖಾತ್ರಿ ಇಲ್ಲ, ಸಂದೇಶಕ್ಕೆ ಗೂಢಲಿಪಿಯೂ ಇಲ್ಲ. ಹಾಗಾಗಿ ಒಳಗಿನ ನೆಟ್‌ವರ್ಕ್‌ನಲ್ಲಿ ಮಾತ್ರ ಬಳಸಿ.

ಹೊತ್ತಿನ ಬಗ್ಗೆ ಒಂದು ಮಾತು. ರಜೆಗೆ ಹುಬ್ಬಳ್ಳಿಗೆ ಹೋದ ನಮ್ಮ ಗೆಳೆಯ ಅಲ್ಲಿಂದಲೇ ಲಾಗ್ ನೋಡುತ್ತಿದ್ದ. ಚಳಿಗಾಲದಲ್ಲಿ ಇಲ್ಲಿ ರಾತ್ರಿ 2 ಆದ್ರೆ ಅಲ್ಲಿ ಬೆಳಿಗ್ಗೆ ಆರೂವರೆ, ಬೇಸಿಗೆಯಲ್ಲಿ ಐದೂವರೆ. ಫೋನ್‌ನಲ್ಲಿ "ಯಾವ ಎರಡು ಗಂಟೆ ಮಾರಾಯ?" ಅಂತ ಜಗಳ. ಜರ್ನಲ್‌ಸಿಟಿಎಲ್‌ಗೆ --ಯುಟಿಸಿ ಸೇರಿಸಿದ ಮೇಲೆ ಇಬ್ಬರಿಗೂ ಒಂದೇ ಲೆಕ್ಕ.

ಬರೆಯಬಾರದ್ದು, ನಂಬಬಾರದ್ದು

ಪಾಸ್‌ವರ್ಡ್, ಟೋಕನ್, ಬೇರೆಯವರ ಖಾಸಗಿ ವಿವರ ಲಾಗ್‌ಗೆ ಹಾಕಬೇಡಿ. ಹಂಚಿಕೊಂಡ ಸರ್ವರ್‌ನಲ್ಲಿ ಲಾಗ್ ಓದುವ ಅನುಮತಿ ನಿಮ್ಮೊಬ್ಬರಿಗೇ ಇರಲ್ಲ. ಇನ್ನು -ಟಿ ಹಿಂದಿನ ಹೆಸರನ್ನು ಯಾರು ಬೇಕಾದರೂ ಹಾಕಬಹುದು. ನಿಮ್ಮ ಬ್ಯಾಕಪ್ ಹೆಸರಲ್ಲಿ ಇನ್ನೊಬ್ಬರೂ ಸಾಲು ಬರೆಯಬಹುದು. ಅನುಮಾನ ಬಂದರೆ ಜರ್ನಲ್‌ಸಿಟಿಎಲ್ -ಓ ವರ್ಬೋಸ್ ಕೊಡಿ. ಅಂಡರ್‌ಸ್ಕೋರ್‌ನಿಂದ ಶುರುವಾಗುವ ವಿವರಗಳನ್ನು ಜರ್ನಲ್ ತಾನೇ ತುಂಬುತ್ತೆ, ಬರೆದವರು ಬದಲಿಸೋಕಾಗಲ್ಲ.

ಕೊನೆಗೆ

ನಾವೆಲ್ಲ ದಿನಾ ರಾತ್ರಿ ಮನೆಗೆ "ಊಟ ಆಯ್ತಮ್ಮ" ಅಂತ ಒಂದು ಮೆಸೇಜ್ ಹಾಕ್ತೀವಿ. ಅದರಲ್ಲಿ ಹೊಸ ವಿಷಯ ಏನೂ ಇರಲ್ಲ. ಆದರೆ ಒಂದು ದಿನ ಅದು ಬರದಿದ್ರೆ ಬೆಳಿಗ್ಗೆಯೇ ಫೋನ್ ಬರುತ್ತೆ. ಸ್ಕ್ರಿಪ್ಟ್ ವಿಷಯದಲ್ಲೂ ಹಾಗೇ: ತಪ್ಪಾದಾಗ ಮಾತ್ರ ಬರೆಯುವ ಸ್ಕ್ರಿಪ್ಟ್ ಸುಮ್ಮನಿದ್ರೆ ಅದು ಚೆನ್ನಾಗಿದೆಯೋ, ಓಡಲೇ ಇಲ್ಲವೋ ಗೊತ್ತಾಗಲ್ಲ. ಸರಿಯಾದಾಗಲೂ ಒಂದು ಸಾಲು ಬರೆಯಲಿ. ಆ ಸಾಲು ಬಂದಿದೆಯಾ ಅಂತ ನೋಡೋಕೆ ಒಬ್ಬರು ಇರಲಿ. ನಾವು ಮೂವರು ವಾರಕ್ಕೊಬ್ಬರಂತೆ ಸರದಿ ಹಾಕಿಕೊಂಡಿದ್ದೇವೆ.

ಜನವರಿಯಲ್ಲಿ ಡಿಸ್ಕ್ ಮತ್ತೊಮ್ಮೆ ಕಳಚಿಕೊಂಡಿತ್ತು. ಮಾರನೇ ಬೆಳಿಗ್ಗೆ ಎಂಟಕ್ಕೆ ಸರದಿಯವರು ತಪ್ಪಿನ ಸಾಲು ನೋಡಿದರು, ಒಂಬತ್ತಕ್ಕೆ ಸರಿ ಮಾಡಿದ್ವಿ. ಕಳೆದುಹೋದ 23 ದಿನ ವಾಪಸ್ ಬರಲಿಲ್ಲ, ರಿಪೋರ್ಟ್‌ನ ಮೊದಲ ಗ್ರಾಫ್ 12 ದಿನಕ್ಕೇ ನಿಂತಿದೆ. ನಿಮ್ಮ ಥೀಸಿಸ್‌ಗೆ ಹಾಗಾಗುವ ಮುಂಚೆ, ಈ ವಾರವೇ ನಿಮ್ಮ ಸ್ಕ್ರಿಪ್ಟ್ ತೆರೆದು ಲಾಗರ್‌ನ ಎರಡು ಸಾಲು ಸೇರಿಸಿ.