ಪೋ ನದಿಯ ಬಯಲಿನಲ್ಲಿ ಬತ್ತ

ಇಟಲಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ರೋಮಿನ ಹಳೆಯ ಕಟ್ಟಡಗಳು, ಅಮೃತಶಿಲೆಯ ವಿಗ್ರಹಗಳು. ಊಟದ ಮಾತು ಬಂದರೆ ಗೋಧಿಯ ಶಾವಿಗೆ. ಆದರೆ ಯೂರೋಪಿನ ದೇಶಗಳಲ್ಲೆಲ್ಲ ಹೆಚ್ಚು ಬತ್ತ ಬೆಳೆಯುವುದು ಇಟಲಿಯೇ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಅಲ್ಲಿ 2 ಲಕ್ಷ ಹೆಕ್ಟೇರಿಗೂ ಮಿಕ್ಕಿ ಗದ್ದೆಯಿದೆ. ಅದರ ಬಹುಪಾಲು ಉತ್ತರದ ಪೋ ನದಿಯ ಬಯಲಿನಲ್ಲಿ, ವೆರ್ಚೆಲ್ಲಿ, ನೊವಾರ, ಪಾವಿಯ ಎಂಬ ಪಟ್ಟಣಗಳ ಸುತ್ತ ಹಬ್ಬಿದೆ.

ಬತ್ತ ಅಲ್ಲಿಯ ಮೂಲ ಬೆಳೆಯಲ್ಲ. ಹದಿನೈದನೆಯ ಶತಮಾನದಲ್ಲಿ ಅದು ಆ ಬಯಲಿನಲ್ಲಿ ಬೇರೂರಿತು. 1475ರಲ್ಲಿ ಮಿಲಾನಿನ ಪ್ರಭು ಗಲೆಯಾಟ್ಸೊ ಮರಿಯ ಸ್ಫೋರ್ಟ್ಸ ಫೆರಾರದ ಪ್ರಭುವಿಗೆ 12 ಮೂಟೆ ಬತ್ತ ಕಳುಹಿಸಿದುದಕ್ಕೆ ಪತ್ರದ ಆಧಾರವಿದೆ. ಮೂರು ಶತಮಾನಗಳ ಬಳಿಕ ಈ ಪ್ರದೇಶದ ಬತ್ತಕ್ಕೆ ಎಂಥ ಬೆಲೆ ಬಂದಿತೆಂದರೆ, ಸಿಪ್ಪೆ ಸಹಿತ ಬೀಜವನ್ನು ಹೊರಗೆ ಒಯ್ದವನಿಗೆ ಮರಣದಂಡನೆ! ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ 1787ರಲ್ಲಿ ಕೋಟಿನ ಜೇಬುಗಳಲ್ಲಿ ಬತ್ತ ತುಂಬಿಕೊಂಡು ಗಡಿ ದಾಟಿಸಿದನು.

ಅಷ್ಟು ಚಳಿಯ ಸೀಮೆಯಲ್ಲಿ ಬತ್ತ ಬೆಳೆಯುವುದು ಹೇಗೆ? ನೀರಿನಿಂದಲೇ. ಆಲ್ಪ್ಸ್ ಪರ್ವತಗಳ ಹಿಮ ಕರಗಿ ನದಿಗಳಿಗೆ ಇಳಿಯುತ್ತದೆ. ಅದನ್ನು ನಾಲೆಗಳು ಗದ್ದೆಗೆ ತರುತ್ತವೆ. 1863ರಿಂದ 1866ರವರೆಗೆ ತೋಡಿದ ಕಾವೂರ್ ನಾಲೆ ಇವುಗಳಲ್ಲಿ ಪ್ರಸಿದ್ಧ. ಅದರ ಉದ್ದ 80 ಕಿಲೋಮೀಟರಿಗೂ ಹೆಚ್ಚು. ವಸಂತದ ರಾತ್ರಿಗಳು ತಣ್ಣಗಿರುವುದರಿಂದ ಗದ್ದೆಯಲ್ಲಿ ನಿಂತ ನೀರು ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಂಡು ಎಳೆಯ ಪೈರಿಗೆ ಕಂಬಳಿಯಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕೊಯ್ಲು.

ಆದರೆ ನೀರು ನಿಂತಲ್ಲಿ ಕಳೆಯೂ ಹುಲುಸಾಗಿ ಬೆಳೆಯುತ್ತದೆ. ಅದನ್ನು ಕೀಳಲು ಬರುತ್ತಿದ್ದವರು ಹೆಂಗಸರು. ಮೊಂದೀನೆ ಎಂದು ಅವರಿಗೆ ಹೆಸರು. ಮೇ ತಿಂಗಳ ಕೊನೆಯಿಂದ ಸುಮಾರು ನಲವತ್ತು ದಿನ, ಮೊಣಕಾಲುದ್ದದ ಕೆಸರು ನೀರಿನಲ್ಲಿ, ಸೊಂಟ ಬಗ್ಗಿಸಿ, ಬರಿಗಾಲಿನಲ್ಲಿ ಕೆಲಸ. ದೂರದ ಪ್ರಾಂತಗಳಿಂದ ರೈಲಿನಲ್ಲಿ ಬಂದು ಜಮೀನುದಾರರ ಕೊಟ್ಟಿಗೆಗಳಂಥ ಕೊಠಡಿಗಳಲ್ಲಿ ಮಲಗುವರು. ಕೂಲಿಯ ಒಂದು ಭಾಗ ಅಕ್ಕಿಯ ರೂಪದಲ್ಲಿ ಮನೆ ಸೇರುತ್ತಿತ್ತು. ಈ ಹೆಂಗಸರೇ ಮುಷ್ಕರ ಹೂಡಿ, 1906ರಲ್ಲಿ ವೆರ್ಚೆಲ್ಲಿಯಲ್ಲಿ ದಿನಕ್ಕೆ ಎಂಟು ಗಂಟೆಯ ದುಡಿಮೆಯ ಹಕ್ಕನ್ನು ಪಡೆದರು. ಎರಡನೆಯ ಮಹಾಯುದ್ಧದ ನಂತರ ಕಳೆನಾಶಕ ಔಷಧಿಗಳೂ ಯಂತ್ರಗಳೂ ಬಂದು, 1960ರ ದಶಕದ ಹೊತ್ತಿಗೆ ಆ ಕಸುಬು ಹೆಚ್ಚುಕಡಿಮೆ ನಿಂತೇಹೋಯಿತು.

ಇಂದು ಆ ಅಕ್ಕಿ ಲೋಕಪ್ರಸಿದ್ಧವಾಗಿರುವುದು ರಿಸೊಟ್ಟೊ ಎಂಬ ಅಡಿಗೆಯಿಂದ. ಅದಕ್ಕೆ ದಪ್ಪ ಕಾಳಿನ ಅಕ್ಕಿಯೇ ಬೇಕು. 1945ರಲ್ಲಿ ರೂಪಿಸಿದ ಕಾರ್ನರೋಲಿ, 1946ರ ಅರ್ಬೋರಿಯೊ ಮೊದಲಾದ ತಳಿಗಳು ಹೆಸರಾದುವು. ಅಕ್ಕಿಯನ್ನು ತೊಳೆಯದೆ, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿಯೊಡನೆ ಹುರಿದು, ಸ್ವಲ್ಪ ದ್ರಾಕ್ಷಿಯ ಮದ್ಯ ಸುರಿದು, ಕುದಿಯುವ ಸಾರನ್ನು ಸೌಟು ಸೌಟಾಗಿ ಹಾಕುತ್ತ ಕೈಯಾಡಿಸುವರು. ಕಾಳಿನ ಹಿಟ್ಟು ಬಿಟ್ಟುಕೊಂಡು ಅನ್ನ ಮುದ್ದೆಗಟ್ಟದೆ ಕೆನೆಯಂತಾಗುತ್ತದೆ. ಮಿಲಾನಿನವರು ಕೇಸರಿ ಬೆರೆಸುವರು. ವೆರ್ಚೆಲ್ಲಿಯವರು ಬೀನ್ಸ್ ಕಾಳು ಹಾಕಿ ಪಾನಿಸ್ಸ ಮಾಡುವರು. ಅಕ್ಕಿ ಹುಟ್ಟುವುದು ನೀರಿನಲ್ಲಿ, ಸಾಯುವುದು ಮದ್ಯದಲ್ಲಿ ಎಂದು ಅಲ್ಲಿ ಒಂದು ಗಾದೆಯಿದೆ.

ಅಡಿಗೆಯ ಕೀರ್ತಿ ಹಬ್ಬುವುದು ಸುಲಭ. ಅದರ ಹಿಂದಿನ ದುಡಿಮೆಯ ನೆನಪು ಉಳಿಯುವುದು ಕಷ್ಟ. ತಳಿಯ ಹೆಸರನ್ನು ಅಕ್ಕಿಯ ಪೊಟ್ಟಣ ಹೇಳುತ್ತದೆ, ಕಳೆ ಕಿತ್ತ ಕೈಗಳ ಹೆಸರನ್ನು ಹೇಳುವುದಿಲ್ಲ. ಈ ಕೊರತೆಯನ್ನು ತುಂಬಲು ಇಟಲಿಯವರು ಹಲವು ದಾರಿಗಳನ್ನು ಹಿಡಿದಿದ್ದಾರೆ. ಲಿವೋರ್ನೊ ಫೆರಾರಿಸ್ ಬಳಿಯ ಕೊಲೊಂಬಾರ ಎಂಬ ಜಮೀನಿನಲ್ಲಿ ಆ ಹೆಂಗಸರು ಮಲಗುತ್ತಿದ್ದ ಕೊಠಡಿಯನ್ನು ಕಾಪಾಡಿ ಇಟ್ಟಿದ್ದಾರೆ. ಜುಸೆಪ್ಪೆ ದೆ ಸಾಂತಿಸ್ 1949ರಲ್ಲಿ ತೆಗೆದ ‘ಕಹಿ ಅಕ್ಕಿ’ ಎಂಬರ್ಥದ ಚಲನಚಿತ್ರ ಅವರ ಬದುಕನ್ನು ಜಗತ್ತಿಗೆ ತೋರಿಸಿತು.

ರೇಡಿಯೊ ಕೇಳುವ ನಮಗೆ ಇನ್ನೊಂದು ಸಂಗತಿ ಹೆಚ್ಚು ಹತ್ತಿರದ್ದು. ಈ ಹೆಂಗಸರು ಕೆಲಸದ ದಣಿವನ್ನು ಹಾಡಿನಲ್ಲಿ ಮರೆಯುತ್ತಿದ್ದರು. ಅವರ ದೂರೂ ಹಾಸ್ಯವೂ ಹಾಡಿನಲ್ಲೇ ಇತ್ತು. ಎಳೆಯ ವಯಸ್ಸಿನಲ್ಲಿ ಕಳೆ ಕಿತ್ತಿದ್ದ ಜೊವಾನ್ನ ದಫೀನಿ ಎಂಬಾಕೆಯ ಹಾಡುಗಳನ್ನು 1962ರಲ್ಲಿ ಜಾನ್ನಿ ಬೋಸಿಯೊ, ರೊಬೆರ್ತೊ ಲೆಯ್ದಿ ಎಂಬ ವಿದ್ವಾಂಸರು ಧ್ವನಿಮುದ್ರಿಸಿಕೊಂಡರು. ಎರಡು ವರ್ಷದ ಮೇಲೆ ಆಕೆ ಸ್ಪೊಲೇತೊ ಉತ್ಸವದ ವೇದಿಕೆಯಲ್ಲಿ ಹಾಡಿದಳು. ಆಕೆ 1969ರಲ್ಲಿ ತೀರಿಕೊಂಡಳು, ಧ್ವನಿ ಉಳಿದಿದೆ.

2022ರ ಬರದಲ್ಲಿ ಪೋ ನದಿ ಸೊರಗಿ ಅನೇಕ ಗದ್ದೆಗಳು ಒಣಗಿದುವು. ಹಿಮದ ನೀರನ್ನು ನಂಬಿದ ಬೆಳೆಗೆ ಇದು ಎಚ್ಚರಿಕೆ. ತಟ್ಟೆಯ ಅನ್ನವನ್ನು ಹೊಗಳುವಾಗ ಅದರ ನೀರನ್ನೂ ಅದರ ಕೈಗಳನ್ನೂ ಹೇಳದಿದ್ದರೆ ಪರಂಪರೆಯ ಮಾತು ಅರ್ಧವಾಗುತ್ತದೆ. ಆ ಇನ್ನರ್ಧವನ್ನು ಕೇಳಿಸಿಕೊಳ್ಳಲು ಹಳೆಯ ಹಾಡುಗಳು ನಮಗೆ ನೆರವಾಗುತ್ತವೆ.